ಆರು ಡಿಗ್ರಿಯ ಕೋಣೆ

ಸಿರುಗುಪ್ಪ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ
ಮೂರನೇ ಕೋಣೆಗೆ ಮೆಣಸಿನಕಾಯಿ ಚೀಲ ಏರಿಸುವವನು ನಾನು, ಗಾದಿಲಿಂಗ.
ಹೊರಗೆ ನಲವತ್ತಮೂರು. ಒಳಗೆ ಆರು.
ನಡುವೆ ಗೇಣುದ್ದ ದಪ್ಪದ ಬಾಗಿಲು,
ದಿನಕ್ಕೆ ಅರವತ್ತು ಸಲ.

ರಾತ್ರಿ ಮಾಳಿಗೆಗೆ ನೀರು ಚಿಮುಕಿಸಿ ಚಾಪೆ ಹಾಸಿ
ಮಗಳು ಸುಂಕಮ್ಮ ಮೊಬೈಲ್ ಬೆಳಕಲ್ಲಿ ಗಟ್ಟಿಯಾಗಿ ಓದುತ್ತಾಳೆ:
ಭೂಮಿಯ ನೆತ್ತಿಯ ಮೇಲೆ ಒಂದು ಬಿಳಿ ನರಿ ಇದೆಯಂತೆ.
ಕಿವಿ ಗಿಡ್ಡ, ಮೂತಿ ಗಿಡ್ಡ, ಕಾಲು ಗಿಡ್ಡ.
ಚಾಚಿಕೊಂಡದ್ದಕ್ಕೆಲ್ಲ ಚಳಿಗೆ ಕಂದಾಯ ಕಟ್ಟಬೇಕಲ್ಲ.
ಅಂಗಾಲಿಗೂ ರೋಮ.
ಕೂದಲ ಕೆಳಗೆ ಮತ್ತೊಂದು ಕೂದಲು,
ಬಾಣಂತಿಯ ಕೌದಿಯೊಳಗೆ ಹಳೆ ಸೀರೆ ಇಟ್ಟು ಹೊಲಿದ ಹಾಗೆ.

"ನಮ್ಮ ಕಡೆ ನರಿಗೆ?" ಅಂದೆ.
"ಕಿವಿ ದೊಡ್ಡವು ಅಪ್ಪಾ, ಮೈಯ ಕಾವು ಹೊರಗೆ ಹಾಕೋಕೆ,"
ಅಂದಳು, ಪುಸ್ತಕ ನೋಡದೆ.
ಕತ್ತಲಲ್ಲಿ ನನ್ನ ಕಿವಿ ನಾನೇ ಮುಟ್ಟಿ ನೋಡಿಕೊಂಡೆ.

ಅದು ನನಗೆ ಗೊತ್ತಿದ್ದ ನರಿಯೇ.
ಸಂಡೂರಿನಲ್ಲಿ ಲಾರಿಗೆ ಅದಿರು ತುಂಬುತ್ತಿದ್ದ ವರ್ಷಗಳಲ್ಲಿ
ಕೋಳಿ ಕೂಗುವ ಹೊತ್ತಿಗೆ ರಸ್ತೆ ದಾಟುತ್ತಿತ್ತು,
ಮೈಯೆಲ್ಲ ಕೆಂಪು ದೂಳು, ನನ್ನಂಗೆ.
ಡ್ರೈವರ್ ಮಾಬುಸಾಬ ಹಾರ್ನ್ ಹೊಡೆಯದೆ ನಿಲ್ಲಿಸುತ್ತಿದ್ದ:
"ನರಿ ಮುಖ ನೋಡೀವಿ, ಇವತ್ತು ಎರಡು ಟ್ರಿಪ್ ಜಾಸ್ತಿ."
ಬಿಳಿ ನರಿ ಕಾಲಕ್ಕೊಂದು ಬಣ್ಣ ಉಡುತ್ತದಂತೆ,
ಬಂಡೆ ಕಂಡಾಗ ಬಂಡೆ, ಹಿಮ ಬಿದ್ದಾಗ ಹಿಮ.
ನಮ್ಮ ನರಿಗೆ ಬಣ್ಣ ಬಳಿದದ್ದು ಕಂಪನಿ.
ಮೂರು ಮಳೆಗಾಲ ಒಗೆದರೂ ನನ್ನ ಬನಿಯನ್ನಿನಿಂದ ಹೋಗಲಿಲ್ಲ.
ನರಿಯದು ಹೋಯಿತೋ ಇಲ್ಲವೋ, ಯಾರು ನೋಡಿದರು.

ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ ಕಾಜಾ ಹೊಲಿಯುವ ಹೊನ್ನೂರಮ್ಮ
ಡ್ಯಾಮೇಜ್ ಆದ ಜೇಬುಗಳನ್ನು ಕೂಡಿಸಿ ಕೂಡಿಸಿ
ನನಗೊಂದು ಕೋಟು ಮಾಡಿಕೊಟ್ಟಿದ್ದಾಳೆ.
ಹಿಂದೆ ಮುಂದೆ ಬಗಲಿಗೆ, ಎಲ್ಲಾ ಜೇಬೇ.
ಹಮಾಲರು ನಗುತ್ತಾರೆ: "ಏನೋ ಸಾವ್ಕಾರ, ಎಲ್ಲಿಟ್ಟೀಯ ರೊಕ್ಕ?"
ಒಂದರಲ್ಲೂ ಏನಿಲ್ಲ, ಗಾಳಿ.
ಸುಂಕಮ್ಮ ಹೇಳುತ್ತಾಳೆ ಆ ಗಾಳಿಯೇ ಬೆಚ್ಚಗಿಡೋದು,
ನರಿಯ ರೋಮದ ಸಂದಿಯಲ್ಲೂ ಇರೋದು ಅದೇ ಅಂತ.
ಖಾಲಿ ಜೇಬಿಗೆ ಇಷ್ಟು ಮರ್ಯಾದೆ
ಇದುವರೆಗೂ ಯಾರೂ ಕೊಟ್ಟಿರಲಿಲ್ಲ.

ಬಾಗಿಲು ತೆರೆದಾಗ ಹೊಗೆಯಂಥದ್ದು ಏಳುತ್ತದೆ ಮೊಣಕಾಲವರೆಗೆ.
ಬಿಸಿಲು ಮಳೆ ಕೂಡಿದರೆ ಕಾಗೆಗೂ ನರಿಗೂ ಮದುವೆ ಅಂತಾರೆ,
ಬಿಸಿಲು ಚಳಿ ಕೂಡಿದರೆ ಯಾರಿಗೆ ಯಾರ ಜೊತೆ?
ಆ ಹೊಗೆಯಲ್ಲಿ ನಾನು ಹೊರಗೆ ಬರುವಾಗ
ಒಳಗೆ ಹೋಗುವ ಎರ್ರಿಸ್ವಾಮಿ ಎದುರಾಗುತ್ತಾನೆ.
ಬಿಸಿಲಲ್ಲಿ ಕಾದ ತನ್ನ ಅಂಗೈಯನ್ನು
ನನ್ನ ಮರಗಟ್ಟಿದ ಅಂಗೈಗೆ ಒತ್ತಿ ಹೋಗುತ್ತಾನೆ.
ಮಾತಿಲ್ಲ. ಒಂದು ಉಸಿರಿನಷ್ಟು ಹೊತ್ತು.
ನರಿಯ ಕಾಲಲ್ಲೂ ಹೀಗೇ ಅಂತೆ:
ಇಳಿಯುವ ಬಿಸಿ ರಕ್ತ, ಏರುವ ತಣ್ಣನೆ ರಕ್ತಕ್ಕೆ
ದಾರಿಯಲ್ಲೇ ತನ್ನ ಕಾವು ಕೊಟ್ಟು
ತಾನು ತಣ್ಣಗಾಗಿ ಪಾದಕ್ಕೆ ಹೋಗುತ್ತದಂತೆ.

"ಅದಕ್ಕೆ ನಡುಕ ಬರೋದೇ ಇಲ್ವಾ?"
"ಮೈನಸ್ ಎಪ್ಪತ್ತಾದರೆ ಬರ್ತೈತೆ."
ಮೈನಸ್ ಅಂದರೆ ನನಗೆ ಗೊತ್ತಿರುವುದು
ಮೇಸ್ತ್ರಿಯ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬರೆಯುವ ಗೀಟು.
ಆರಕ್ಕೇ ಹಲ್ಲು ಕಟಕಟ ಅನ್ನುವವನು ಸುಮ್ಮನಾದೆ.

ಓದುತ್ತ ಓದುತ್ತ ನಿದ್ದೆ ಹೋದಳು,
ಮುದುಡಿ, ಜಡೆ ಮೂಗಿನ ಮೇಲೆ ಸುತ್ತಿ,
ಅದೇನು ಹಿಮ ಬೀಳುತ್ತಿದೆಯೋ ಅವಳ ಕನಸಿನಲ್ಲಿ.
ಹಣೆಯಲ್ಲಿ ಮಾತ್ರ ಬೆವರು, ಸಾಲು ಸಾಲು.
ಒರೆಸುವಂತಿಲ್ಲ. ಮೆಣಸಿನ ಕೈ,
ಮೂರು ಸಲ ತೊಳೆದರೂ ಉರಿ ಹಾಗೇ ಇದೆ.
ಎದೆಯ ಮೇಲಿನ ಪುಸ್ತಕ ಮೆಲ್ಲಗೆ ಎತ್ತಿ ಬೀಸುತ್ತ ಕೂತೆ.
ಪುಟದಲ್ಲಿ ನರಿ ಮೇಲೆ ಹೋಯಿತು, ಕೆಳಗೆ ಬಂತು,
ಮತ್ತೆ ಮೇಲೆ.